ಪಾಕಪಾತ್ರೆಗಳ ಚರಿತ್ರೆಯೂ ಪಾತ್ರಾಪಾತ್ರ ವಿವೇಕವೂ

ಅನ್ನವು ಪ್ರಾಣಿಮಾತ್ರದ ಜೀವನಕ್ಕೆ ಮೂಲಾಧಾರವೆಂಬದನ್ನು ಎಲ್ಲರೂ ಬಲ್ಲರು. ಆದರೆ ಆ ಅನ್ನವನ್ನು ಧರಿಸುವ ಪಾತ್ರೆಯ ವಿಷಯವಾಗಿ ವಿಚಾರ ಮಾಡುವವರು ವಿರಳ. ಅಕ್ಕಿಯು ಹಳೆಯದೋ ಹೊಸದೋ, ನೀರು ಶುದ್ಧವಾದುದೋ ಅಲ್ಲವೋ, ಬೇಳೆಯಲ್ಲಿ ಹರಳು ಉಳಿದಿದೆಯೋ ಎಂದು ಸೂಕ್ಷ್ಮವಾಗಿ ಪರೀಕ್ಷಿಸುವವರು ಸಹ ಒಲೆಯ ಮೇಲಿಟ್ಟ ಪಾತ್ರೆಯಿಂದ ಅಡಿಗೆಯೊಳಗೆ ಏನು ಇಳಿಯುತ್ತದೆಂಬದನ್ನು ಕೇಳುವದಿಲ್ಲ. ಸಂಸ್ಕೃತದಲ್ಲಿ ‘ಪಾತ್ರ’ ಶಬ್ದಕ್ಕೆ ಭಾಂಡವೆಂತಲೂ ಯೋಗ್ಯನಾದವನೆಂತಲೂ ಎರಡು ಅರ್ಥಗಳುಂಟು. ದಾನಮಾಡುವಲ್ಲಿ ಪಾತ್ರಾಪಾತ್ರ ವಿವೇಕವಿರಬೇಕೆಂದು ಹಿರಿಯರು ಹೇಳುತ್ತ ಬಂದಿರುವರು. ದಾನಮಾಡತಕ್ಕ ಅನ್ನವನ್ನು ಬೇಯಿಸುವಲ್ಲಿಯೂ ಅದೇ ವಿವೇಕವು ಅಷ್ಟೇ ಅವಶ್ಯವಾದುದು. ಒಂದು ಮನೆಯ ಅಡಿಗೆಯಲ್ಲಾದ ದೋಷವು ನಾಲ್ಕೈದು ಜನರನ್ನು ತಟ್ಟುವದು. ದಾಸೋಹದ ಕೊಪ್ಪರಿಗೆಯಲ್ಲಾದ ದೋಷವು ಪಂಕ್ತಿ ಪಂಕ್ತಿಯನ್ನೇ ತಟ್ಟುವದು. ಆದುದರಿಂದ ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ ಪಾಕಪಾತ್ರೆಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವದು ಅಪ್ರಸ್ತುತವಾಗಲಾರದೆಂದು ಭಾವಿಸಿ ಈ ಲೇಖನವನ್ನು ಸದ್ಭಕ್ತರ ಮುಂದಿಡಲಾಗಿದೆ.

ಯಾವ ಪಾತ್ರೆಗಾದರೂ ಮೂವರು ಪರೀಕ್ಷಕರುಂಟು: ಬೆಂಕಿ, ಹುಳಿ ಮತ್ತು ಕಾಲ. ಎಷ್ಟು ಕಾವನ್ನು ಅದು ತಡೆಯುವದು, ಹುಣಸೆ ಮಜ್ಜಿಗೆ ಉಪ್ಪುಗಳು ಅದರೊಳಗಿಂದ ಏನನ್ನು ಕರಗಿಸಿಕೊಳ್ಳುವವು, ಪದಾರ್ಥವು ಅದರಲ್ಲಿ ಎಷ್ಟು ಹೊತ್ತು ನಿಲ್ಲುವದು, ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಪಾತ್ರೆಯೇ ಯೋಗ್ಯವಾದುದು. ಮಣ್ಣಿನ ಗಡಿಗೆಯಿಂದ ಮೊದಲಾಗಿ ಇಂದಿನ ಉಕ್ಕಿನ ಪಾತ್ರೆಯವರೆಗಿನ ಚರಿತ್ರೆಯೆಲ್ಲವೂ ಈ ಪ್ರಶ್ನೆಗಳಿಗೆ ಮನುಷ್ಯನು ಹುಡುಕಿದ ಉತ್ತರಗಳ ಚರಿತ್ರೆಯೇ ಆಗಿರುವದು.

ಎಲ್ಲಕ್ಕೂ ಮೊದಲನೆಯದು ಮಣ್ಣು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಎಂಬ ಪ್ರಾಕ್ತನ ಶಾಸ್ತ್ರಜ್ಞರು ನೆಲವನ್ನಗೆದು ನೋಡಿದಾಗ, ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನರ ಕಾಲದಿಂದಲೂ ಮಡಕೆಗಳ ಚೂರುಗಳು ಪದರ ಪದರವಾಗಿ ದೊರೆತವು. ಕಪ್ಪು ಮತ್ತು ಕೆಂಪು ಎರಡೂ ಬಣ್ಣಗಳು ಒಂದೇ ಪಾತ್ರೆಯಲ್ಲಿ ಮೂಡಿದ ಕುಂಭಗಳನ್ನು ಅಲ್ಲಿಯ ಶಿಲಾಸಮಾಧಿಗಳ ಕಾಲದ ಜನರು ಮಾಡಿದ್ದರು. ಕುಂಬಾರಿಕೆಯು ನಮ್ಮ ನಾಡಿನಲ್ಲಿ ಎಷ್ಟು ಪ್ರಾಚೀನವೋ ಅಷ್ಟೇ ಮಾನ್ಯವಾದ ಕಾಯಕವೂ ಆಗಿದ್ದಿತು. ಹರಿಹರ ಕವಿಯು ಕುಂಬಾರ ಗುಂಡಯ್ಯನ ಚರಿತ್ರೆಯನ್ನು ಒಂದು ರಗಳೆಯಾಗಿಯೇ ರಚಿಸಿರುವನೆಂಬದನ್ನು ಇಲ್ಲಿ ಸ್ಮರಿಸಬಹುದು. ಚೆನ್ನಾಗಿ ಸುಟ್ಟ ಮಣ್ಣು ಕಾವನ್ನು ತಡೆಯುವದು, ಹುಳಿಗೆ ಕರಗದು. ಆದರೆ ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುವದರಿಂದ ಹಿಂದಿನ ದಿನದ ಅಡಿಗೆಯ ಶೇಷವು ಒಳಗೆ ಉಳಿದು ಕೆಡುವದು, ಬೇಗನೆ ಒಡೆಯುವದು. ಈ ರಂಧ್ರಗಳನ್ನು ಮುಚ್ಚಲಿಕ್ಕೆ ಹಲವು ದೇಶಗಳಲ್ಲಿ ಗಾಜಿನಂಥ ಹೊಳಪಿನ ಲೇಪವನ್ನು ಕೊಡುವ ರೂಢಿ ಬಂದಿತು. ಆ ಲೇಪದಲ್ಲಿ ಸೀಸವನ್ನು ಸೇರಿಸಿದಲ್ಲಿ ಹುಳಿಯು ಅದನ್ನು ಕರಗಿಸಿ ಅನ್ನವನ್ನು ವಿಷಮಾಡುವದು. ಆದುದರಿಂದ ಲೇಪವಿಲ್ಲದ ಕೆಂಪು ಗಡಿಗೆಯು ನಿರ್ಭಯವಾದುದು. ಲೇಪವುಳ್ಳದ್ದು ಅಡಿಗೆಗಾಗಿಯೇ ಮಾಡಿದ್ದೆಂದು ನಂಬುಗೆಯಾಗುವವರೆಗೆ ಶೋಭೆಗೆ ಮಾತ್ರ ತಕ್ಕುದು.

ಮಣ್ಣಿನ ತರುವಾಯ ಕಲ್ಲು. ಬಳಪದ ಕಲ್ಲೆಂದು ನಾವು ಕರೆಯುವ ಮೃದುಶಿಲೆಯು ಕನ್ನಡ ನಾಡಿನಲ್ಲಿ ಹೇರಳವಾಗಿ ದೊರೆಯುವದು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಯಾವ ಜಾತಿಯ ಮೆತ್ತನೆಯ ಕಲ್ಲಿನಲ್ಲಿ ಕೂದಲೆಳೆಯಂಥ ಕೆತ್ತನೆಯನ್ನು ಮಾಡಿದರೋ ಅದೇ ಬಳಗದ ಕಲ್ಲಿನಲ್ಲಿ ಹಳ್ಳಿಯ ಕಲ್ಲುಕುಟಿಗರು ಮರಿಗೆಗಳನ್ನು ಕಡೆದರು. ಈ ಕಲ್ಲು ನಿಧಾನವಾಗಿ ಕಾಯುವದು, ನಿಧಾನವಾಗಿ ಆರುವದು. ಹುಣಸೆಯ ಹುಳಿಯಾಗಲಿ ಮಜ್ಜಿಗೆಯಾಗಲಿ ಇದನ್ನು ಬಾಧಿಸದು. ಆದರೆ ಹೊಸ ಮರಿಗೆಯನ್ನು ಒಮ್ಮೆಲೇ ಉರಿಯ ಮೇಲಿಟ್ಟರೆ ಸೀಳುವದು. ಆದುದರಿಂದ ಎಣ್ಣೆ ಸವರಿ, ಅಕ್ಕಿ ತೊಳೆದ ನೀರನ್ನು ತುಂಬಿ, ಹಲವು ದಿನ ಮಂದಾಗ್ನಿಯಲ್ಲಿ ಪಳಗಿಸಿದ ಮೇಲೆಯೇ ಅದನ್ನು ಅಡಿಗೆಗೆ ತೆಗೆದುಕೊಳ್ಳುವದು ಹಿರಿಯರ ಕ್ರಮವಾಗಿದ್ದಿತು.

ಯಾವ ಪದಾರ್ಥವನ್ನು ಯಾವ ಪಾತ್ರೆಯಲ್ಲಿ ಬಡಿಸಬೇಕೆಂಬದಕ್ಕೆ ನಮ್ಮ ಆಯುರ್ವೇದ ಗ್ರಂಥಗಳಲ್ಲಿ ವಿಧಿಯುಂಟು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಅನ್ನಪಾನ ವಿಧಿಯ ಅಧ್ಯಾಯದಲ್ಲಿ ತುಪ್ಪವನ್ನು ಕಬ್ಬಿಣದ ಪಾತ್ರೆಯಲ್ಲಿಯೂ, ಪೇಯವನ್ನು ಬೆಳ್ಳಿಯದರಲ್ಲಿಯೂ, ಹಣ್ಣು ಮತ್ತು ಭಕ್ಷ್ಯಗಳನ್ನು ಎಲೆಗಳ ಮೇಲೆಯೂ, ಹುಳಿಮಜ್ಜಿಗೆಯ ಪದಾರ್ಥಗಳನ್ನು ಕಲ್ಲಿನ ಪಾತ್ರೆಗಳಲ್ಲಿಯೂ, ನೀರು ಪಾನಕಗಳನ್ನು ಮಣ್ಣಿನವುಗಳಲ್ಲಿಯೂ ಕೊಡಬೇಕೆಂದು ಹೇಳಿದೆ. ಚೆನ್ನಾಗಿ ಕಾಸಿ ಆರಿಸಿದ ಹಾಲನ್ನು ತಾಮ್ರದ ಪಾತ್ರೆಯಲ್ಲಿ ಕೊಡಬೇಕೆಂತಲೂ ಅಲ್ಲಿದೆ. ಹುಳಿಯ ಪದಾರ್ಥವನ್ನು ಲೋಹದಿಂದ ದೂರವಿಟ್ಟು ಕಲ್ಲಿಗೆ ಒಪ್ಪಿಸಿದ ಆ ದೃಷ್ಟಿಯನ್ನು ಇಂದಿನ ರಸಾಯನಶಾಸ್ತ್ರವು ಸಂಪೂರ್ಣವಾಗಿ ಒಪ್ಪುವದು. ಹಾಲಿನ ಸಂಗತಿಯು ಮಾತ್ರ ಬೇರೆ; ಅದನ್ನು ಮುಂದೆ ಹೇಳುವೆವು.

ಇನ್ನು ತಾಮ್ರ. ದೊಡ್ಡ ಅಡಿಗೆಗೆ ತಾಮ್ರದಂಥ ಲೋಹವಿಲ್ಲ. ಅದು ಬಡಿದಂತೆ ಬಾಗುವದು. 1085 ಡಿಗ್ರಿ ಸೆಂಟಿಗ್ರೇಡ್ ಕಾವಿನವರೆಗೆ ಕರಗದು. ಇಂದಿನ ತುಕ್ಕುರಹಿತ ಉಕ್ಕಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಕಾವನ್ನು ಹರಿಯಿಸುವದು. ಆದುದರಿಂದಲೇ ಅರಮನೆ, ದೇವಾಲಯ, ಮಠಗಳ ಕೊಪ್ಪರಿಗೆ ಹಂಡೆಗಳು ತಾಮ್ರದವಾಗಿದ್ದವು. ಆದರೆ ಹುಳಿಯು ಸೋಂಕಿದೊಡನೆ ತಾಮ್ರವು ಕಿಲುಬನ್ನು ಬಿಡುವದು. ಆ ಕಿಲುಬು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವುಗಳುಂಟಾಗುವವು. ಇದಕ್ಕೆ ಹಿಂದಿನವರು ಕಂಡುಕೊಂಡ ಪರಿಹಾರವೇ ಕಲಾಯಿ. ಆ ಶಬ್ದವು ಅರಬ್ಬೀ ಭಾಷೆಯಲ್ಲಿ ತವರಕ್ಕಿರುವ ಹೆಸರಿನಿಂದ ಬಂದುದು. ಪಾತ್ರೆಯನ್ನು ತಿಕ್ಕಿ, ಕಾಯಿಸಿ, ನವಸಾಗರದ ಪುಡಿಯನ್ನು ಹಾಕಿ ಲೋಹದ ಮಲವನ್ನು ಕಳೆದು, ತವರದ ಕಡ್ಡಿಯನ್ನು ಸೋಂಕಿಸಿ, ಅರಳೆಯಿಂದ ಒಳಮೈಗೆಲ್ಲ ಸವರುವ ಆ ಕೆಲಸವನ್ನು ಕಂಡವರು ಇಂದು ಕಡಿಮೆ. ಬೆಳ್ಳಿಯಂತೆ ಹೊಳೆಯುವ ಆ ತೆಳುವಾದ ಪದರವೇ ತಾಮ್ರಕ್ಕೂ ಅನ್ನಕ್ಕೂ ನಡುವಿನ ಕಾವಲುಗಾರನು.

ಈ ಕಾವಲುಗಾರನಿಗೂ ಮಿತಿಯುಂಟು. ತವರವು 232 ಡಿಗ್ರಿಗೆ ಕರಗುವದು. ಪಾತ್ರೆಯಲ್ಲಿ ನೀರಿರುವವರೆಗೆ ಅದರ ಒಳಮೈಯು 100 ಡಿಗ್ರಿಗಿಂತ ಬಹಳ ಮೇಲೇರದಾದ್ದರಿಂದ ಕಲಾಯಿಗೆ ಭಯವಿಲ್ಲ. ಬರಿದಾದ ಪಾತ್ರೆಯನ್ನು ಉರಿಯ ಮೇಲೆ ಬಿಟ್ಟರೆ, ಅಥವಾ ಅದರಲ್ಲಿ ಒಗ್ಗರಣೆ ಕರಿಯುವಿಕೆಗಳನ್ನು ಮಾಡಿದರೆ, ಕಲಾಯಿಯು ಕರಗಿ ಹೋಗುವದು. ಬರಿಪಾತ್ರೆಯನ್ನು ಒಲೆಯ ಮೇಲಿಡಬಾರದೆಂಬ ಮನೆಮಾತಿನಲ್ಲಿ ಇಂಥ ಅರ್ಥವು ಅಡಗಿರುವದು. ಪದರವು ಸವೆದು ಕೆಂಪು ಕಂಡೊಡನೆ ಮತ್ತೆ ಕಲಾಯಿ ಹಾಕಿಸುವದು ಈ ಪಾತ್ರೆಗಳ ಧರ್ಮ. ಸ್ವತಂತ್ರ ಭಾರತದ ಸರಕಾರವು 1954ರಲ್ಲಿ ಆಹಾರ ಕಲಬೆರಕೆ ತಡೆಯುವ ಶಾಸನವನ್ನು ಮಾಡಿ 1955ರಲ್ಲಿ ನಿಯಮಗಳನ್ನು ಹೊರಡಿಸಿದಾಗ, ಮಾರಾಟದ ಆಹಾರಕ್ಕೆ ತುಕ್ಕು ಹಿಡಿದ ಪಾತ್ರೆ, ಲೇಪ ಚಕ್ಕೆಯೆದ್ದ ಎನಾಮಲ್ ಪಾತ್ರೆ, ಸರಿಯಾಗಿ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆ ಇವುಗಳನ್ನು ನಿಷೇಧಿಸಿದ್ದು ಈ ಹಳೆಯ ಧರ್ಮವನ್ನೇ ಶಾಸನವಾಗಿ ಬರೆದಂತಾಯಿತು.

ಕಾವಲುಗಾರನೇ ಕಳ್ಳನಾಗುವ ಪ್ರಸಂಗವೂ ಉಂಟು. ಅದು ತವರದಲ್ಲಿ ಸೀಸ ಬೆರೆತಾಗ. ಸೀಸವು ಅಗ್ಗವಾದುದು, ಸುಲಭವಾಗಿ ಕರಗತಕ್ಕುದು, ನೋಟಕ್ಕೆ ತವರದಂತೆಯೇ ಇರುವದು. ಆದರೆ ಮಕ್ಕಳ ಬುದ್ಧಿಯನ್ನೂ ರಕ್ತವನ್ನೂ ಕೆಡಿಸುವ ವಿಷ. ಪ್ರಾಚೀನ ರೋಮ ರಾಜ್ಯದಲ್ಲಿ ದ್ರಾಕ್ಷಿಯ ರಸವನ್ನು ಕುದಿಸಿ ಪಾಕಮಾಡುವಾಗ ತಾಮ್ರದ ಪಾತ್ರೆಯಿಂದ ರುಚಿ ಕೆಡುವದೆಂದು ಸೀಸದ ಪಾತ್ರೆಗಳನ್ನು ಬಳಸಬೇಕೆಂದು ಪ್ಲಿನಿ, ಕೊಲುಮೆಲ್ಲಾ ಮೊದಲಾದ ಪಂಡಿತರೇ ಬರೆದಿಟ್ಟರು. ಹುಳಿಯೊಡನೆ ಕೂಡಿದ ಸೀಸವು ಸಿಹಿಯಾಗುವದರಿಂದ ನಾಲಿಗೆಯು ಮೋಸಹೋಯಿತು. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಸೇಬಿನ ಮದ್ಯವನ್ನು ಕುಡಿಯುವವರಿಗೆ ಬರುತ್ತಿದ್ದ ಘೋರವಾದ ಉದರಶೂಲೆಗೆ ಆ ಮದ್ಯದೊಳಗಿನ ಸೀಸವೇ ಕಾರಣವೆಂದು ಜಾರ್ಜ್ ಬೇಕರ್ ಎಂಬ ವೈದ್ಯನು 1767ರಲ್ಲಿ ತೋರಿಸಿಕೊಟ್ಟನು. ರುಚಿಯು ಪಾತ್ರೆಯ ಪರೀಕ್ಷಕನಲ್ಲವೆಂಬ ಪಾಠವನ್ನು ಇದರಿಂದ ಕಲಿಯತಕ್ಕದ್ದು. ಕಲಾಯಿ ಹಾಕಿಸುವವರು ಶುದ್ಧ ತವರವನ್ನೇ ಕೇಳಿ ಹಾಕಿಸಬೇಕು. ಸೀಸವು ಬಿಳಿಯ ಕಾಗದದ ಮೇಲೆ ಗೀಚಿದರೆ ಬೂದುಬಣ್ಣದ ಗೆರೆಯನ್ನು ಬಿಡುವದು. ಶುದ್ಧ ತವರದ ಕಡ್ಡಿಯನ್ನು ಬಾಗಿಸಿದರೆ ಕಿರುಗುಟ್ಟುವ ದನಿ ಬರುವದು. ಇವು ಸ್ಥೂಲ ಲಕ್ಷಣಗಳು. ನಿಶ್ಚಯವು ಪ್ರಯೋಗಶಾಲೆಯಿಂದಲೇ ಆಗತಕ್ಕದ್ದು.

ತಾಮ್ರಕ್ಕೆ ಸತುವು ಕೂಡಿದರೆ ಹಿತ್ತಾಳೆ. ಸತುವು 907 ಡಿಗ್ರಿಗೆ ಆವಿಯಾಗಿ ಹಾರಿಹೋಗುವದರಿಂದ ಅದನ್ನು ಬೇರ್ಪಡಿಸುವದು ಅತಿ ಕಠಿಣ. ಯುರೋಪಿನಲ್ಲಿ ಮಾರ್ಗ್ರಾಫ್ ಎಂಬವನು 1746ರಲ್ಲಿ ಸತುವನ್ನು ಬೇರ್ಪಡಿಸಿ ಅದರ ಕ್ರಮವನ್ನು ವಿವರಿಸಿದನು. ರಾಜಸ್ಥಾನದ ಜಾವರಿನಲ್ಲಿಯಾದರೋ ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ಭಾರತೀಯರು ಆ ಆವಿಯನ್ನು ಹಿಡಿದು ತಣಿಸುವ ಮೂಷೆಗಳನ್ನು ಸಾಲುಸಾಲಾಗಿ ಹೂಡಿದ್ದರು. ಹೀಗೆ ಹಿತ್ತಾಳೆಯು ಅಗ್ಗವಾಗಿ, ಮನೆಮನೆಯ ಚರಿಗೆ ತಪ್ಪೇಲಿಗಳಾಗಿ ನೆಲೆಸಿತು.

ಈಗ ಹಾಲಿನ ಸಂಗತಿಗೆ ಬರುವೆವು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ದೇಶದ ಹಲವೆಡೆಗಳಲ್ಲಿ ಎಳೆಯ ಕೂಸುಗಳಿಗೆ ಯಕೃತ್ತು ಗಟ್ಟಿಯಾಗಿ, ಹೊಟ್ಟೆ ಊದಿ, ಬಹುತೇಕ ಮರಣದಲ್ಲಿಯೇ ಮುಗಿಯುವ ಒಂದು ರೋಗವಿದ್ದಿತು. ಒಂದೇ ಮನೆಯಲ್ಲಿ ಒಂದಾದ ಮೇಲೊಂದು ಮಗುವನ್ನು ಕಳೆದುಕೊಂಡ ತಾಯಂದಿರಿದ್ದರು. ದೃಷ್ಟಿದೋಷವೆಂದವರುಂಟು, ಕರ್ಮವೆಂದವರುಂಟು. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರವು ಅಪರಿಮಿತವಾಗಿ ಸಂಚಯವಾಗಿದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು. 1983ರಲ್ಲಿ ಟ್ಯಾನರ್, ಭಾವೆ, ಪಂಡಿತ ಮೊದಲಾದ ವೈದ್ಯರು ಪುಣೆಯಲ್ಲಿ ನಡಿಸಿದ ಶೋಧನೆಯ ಫಲವನ್ನು ಪ್ರಕಟಿಸಿ, ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಸಿ ಇಟ್ಟ ಪಶುವಿನ ಹಾಲನ್ನು ಬಹಳ ಎಳೆಯ ವಯಸ್ಸಿನಲ್ಲಿಯೇ ಕುಡಿಸಿದ್ದು ಇದಕ್ಕೆ ಕಾರಣವಾಗಿರಬೇಕೆಂದು ತೋರಿಸಿದರು. ಹಾಲಿನೊಳಗಿನ ಕೇಸೀನೆಂಬ ಸತ್ವವು ತಾಮ್ರವನ್ನು ಹಿಡಿದಿಟ್ಟುಕೊಳ್ಳುವದು. ಹಾಲು ಹುಳಿಯಲ್ಲ, ಆದರೆ ಪಾತ್ರೆಯಲ್ಲಿ ಹೊತ್ತುಗಟ್ಟಲೆ ನಿಂತಾಗ ಅದೂ ಲೋಹವನ್ನು ಸೆಳೆಯುವದು. ಕಾಲವನ್ನು ಮೂರನೆಯ ಪರೀಕ್ಷಕನೆಂದು ನಾವು ಎಣಿಸಿದ್ದು ಇದಕ್ಕಾಗಿಯೇ. ಆಸ್ಟ್ರಿಯಾ ದೇಶದ ಟಿರೋಲ್ ಸೀಮೆಯಲ್ಲಿಯೂ 1900ರಿಂದ 1974ರ ವರೆಗೆ 138 ಕೂಸುಗಳು ಇಂಥದೇ ರೋಗದಿಂದ ತೀರಿಕೊಂಡವೆಂದೂ, ಅಲ್ಲಿ ಕಲಾಯಿಯಿಲ್ಲದ ತಾಮ್ರದ ಪಾತ್ರೆಗಳಲ್ಲಿ ಹಾಲನ್ನು ಕಾಸುತ್ತಿದ್ದರೆಂದೂ, ಆ ಪಾತ್ರೆಗಳು ಹೋದ ಮೇಲೆ ರೋಗವೂ ಹೋಯಿತೆಂದೂ 1996ರಲ್ಲಿ ಪ್ರಕಟವಾಯಿತು. ವಂಶದ ಗುಣವೂ ಅಲ್ಲಿ ಕೂಡಿದ್ದಿತೆಂದು ಆ ವೈದ್ಯರು ಹೇಳಿರುವರು. ನಮ್ಮಲ್ಲಿಯೂ ಹಿತ್ತಾಳೆಯ ಹಾಲಿನ ಪಾತ್ರೆಗಳು ಮೂಲೆ ಸೇರಿದಂತೆ ಆ ರೋಗವು ಅತಿ ವಿರಳವಾಯಿತು.

ಇಲ್ಲಿ ಸುಶ್ರುತರ ಮಾತಿಗೆ ಏನು ಹೇಳಬೇಕು? ಆರಿದ ಹಾಲನ್ನು ತಾಮ್ರದ ಪಾತ್ರೆಯಲ್ಲಿ ಬಡಿಸಿ ಕೂಡಲೇ ಕುಡಿಯುವದು ಒಂದು; ಅದರಲ್ಲಿಯೇ ಕಾಸಿ, ರಾತ್ರಿಯೆಲ್ಲ ಇಟ್ಟು, ಆರು ತಿಂಗಳ ಕೂಸಿಗೆ ಕುಡಿಸುವದು ಮತ್ತೊಂದು. ಗ್ರಂಥವು ಮೊದಲನೆಯದನ್ನು ಹೇಳಿದೆಯೇ ಹೊರತು ಎರಡನೆಯದನ್ನಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಅಷ್ಟಕ್ಕೇ ನಿಲ್ಲುವದು ಸರಿಯಲ್ಲ. ಪ್ರತ್ಯಕ್ಷಕ್ಕೆ ವಿರುದ್ಧವಾದ ವಚನವನ್ನು ಪ್ರತ್ಯಕ್ಷದ ಬೆಳಕಿನಲ್ಲಿಯೇ ಅರ್ಥೈಸಬೇಕೆಂಬದು ಶಾಸ್ತ್ರಜ್ಞರ ಮಾರ್ಗ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಹಳೆಯದೆಲ್ಲವೂ ಹಿತವೆಂದು ಬೋಧಿಸಿ, ಅದರಿಂದ ಒಂದು ಕೂಸಿಗೆ ಕೇಡಾದರೆ ಆ ಋಣವು ಗ್ರಂಥದ್ದಲ್ಲ, ಬೋಧಿಸಿದವರದು. ಆದುದರಿಂದ ಕೂಸುಗಳ ಹಾಲನ್ನು ತಾಮ್ರ ಹಿತ್ತಾಳೆಗಳಲ್ಲಿ ಕಾಸಲೂಬಾರದು, ಇಡಲೂಬಾರದು ಎಂದು ನಿಸ್ಸಂಶಯವಾಗಿ ಹೇಳುವೆವು. ಹಳೆಯ ಪಾತ್ರೆಗಳು ಆರೋಗ್ಯಕರವೆಂದು ಮತ್ತೆ ಪೇಟೆಯಲ್ಲಿ ಮೆರೆಯುತ್ತಿರುವ ಈ ದಿನಗಳಲ್ಲಿ ಈ ಮಾತನ್ನು ಒತ್ತಿ ಹೇಳುವದು ಅಗತ್ಯ. ಪಾತ್ರೆಯು ಮರಳಿ ಬಂದಿತು. ಅದನ್ನು ಕಾಯುವ ಕಲಾಯಿಗಾರನು ಮರಳಿ ಬರಲಿಲ್ಲ.

ಕಬ್ಬಿಣವು ಕನ್ನಡ ನಾಡಿನ ಹಳೆಯ ಗೆಳೆಯ. ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ನಡಿಸಿದ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳು ದಕ್ಷಿಣ ದೇಶದಲ್ಲಿ ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರಿರುವವು. ರೊಟ್ಟಿಯ ಹಂಚು, ಒಗ್ಗರಣೆಯ ಸೌಟು, ಕರಿಯುವ ಬಾಣಲೆ ಇವೆಲ್ಲ ಕಬ್ಬಿಣದವಾಗಿದ್ದುದು ಆಕಸ್ಮಿಕವಲ್ಲ. ತವರವು ಕರಗುವ ಕಾವಿನಲ್ಲಿ ಕಬ್ಬಿಣವು ಸ್ವಸ್ಥವಾಗಿ ನಿಲ್ಲುವದು. ಹುಳಿಯಿಂದ ಅದು ಕರಗುವದು ನಿಜ, ಪದಾರ್ಥವು ಕಪ್ಪಾಗುವದೂ ನಿಜ. ಆದರೆ ಕರಗಿದ ಅಲ್ಪ ಕಬ್ಬಿಣವು ರಕ್ತಹೀನರಿಗೆ ಉಪಕಾರವನ್ನೇ ಮಾಡುವದು. ಇಥಿಯೋಪಿಯಾ ದೇಶದಲ್ಲಿ ಕಬ್ಬಿಣದ ಗಡಿಗೆಯ ಅಡಿಗೆಯನ್ನುಂಡ ಮಕ್ಕಳ ರಕ್ತವು ಅಲ್ಯೂಮಿನಿಯಂ ಪಾತ್ರೆಯ ಅಡಿಗೆಯನ್ನುಂಡವರ ರಕ್ತಕ್ಕಿಂತ ಉತ್ತಮವಾಯಿತೆಂದು 1999ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿರುವದು.

ಅಲ್ಯೂಮಿನಿಯಂ ಈ ಬಳಗದಲ್ಲಿ ಹೊಸಬನು. 1825ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡನು ಅದನ್ನು ಮೊದಲು ಬೇರ್ಪಡಿಸಿದಾಗ ಅದು ಬಹು ದುರ್ಲಭವಾಗಿದ್ದಿತು. 1886ರಲ್ಲಿ ಅಮೇರಿಕೆಯ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬವರು ವಿದ್ಯುಚ್ಛಕ್ತಿಯಿಂದ ಅದನ್ನು ತೆಗೆಯುವ ಕ್ರಮವನ್ನು ಬೇರೆಬೇರೆಯಾಗಿ ಕಂಡುಹಿಡಿದ ಮೇಲೆ ಅಗ್ಗವಾಯಿತು. ನಮ್ಮ ದೇಶದಲ್ಲಿ ಅದರ ಪಾತ್ರೆಗಳ ತಯಾರಿಕೆಯನ್ನು 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರು ಆರಂಭಿಸಿದರು. ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಹಗುರ, ಅಗ್ಗ, ಬೇಗ ಕಾಯುವ ಗುಣಗಳಿಂದ ಅದು ಬಡವರ ಮನೆಯನ್ನು ಬೇಗ ಹೊಕ್ಕಿತು. ಅನ್ನ ಬೇಯಿಸಲು, ನೀರು ಕಾಯಿಸಲು ಅದು ಸಾಕು. ಹುಳಿ ಉಪ್ಪುಗಳ ಸಾರನ್ನು ಅದರಲ್ಲಿ ಕುದಿಸಿ ಇಟ್ಟರೆ ಲೋಹವು ಕರಗಿ ಒಳಮೈಯಲ್ಲಿ ಗುಳಿಗಳು ಬೀಳುವವು. ಇದರಿಂದ ಮರೆವಿನ ರೋಗವು ಬರುವದೆಂಬ ಮಾತು ಸಿದ್ಧವಾಗಿಲ್ಲ. ಆದರೆ ವಾರಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಅಲ್ಯೂಮಿನಿಯಂ ಆಹಾರದಿಂದ ಸೇರಬಾರದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿಯು 2011ರಲ್ಲಿ ಮಿತಿಯನ್ನಿಟ್ಟಿರುವದು. ಹೆಚ್ಚಿನ ಭಯವಿರುವದು ಗುಜರಿಯ ಲೋಹವನ್ನು ಕರಗಿಸಿ ಎರಕಹೊಯ್ದ ಪಾತ್ರೆಗಳಲ್ಲಿ. ಆಫ್ರಿಕೆಯ ಕ್ಯಾಮರೂನ್ ದೇಶದ ಇಂಥ ಪಾತ್ರೆಗಳಿಂದ ಸೀಸವು ಅಡಿಗೆಗೆ ಇಳಿಯುವದೆಂದು 2014ರಲ್ಲಿ ಕಂಡುಬಂದಿತು. ಆದುದರಿಂದ ಮಾನಕ ಮುದ್ರೆಯಿಲ್ಲದ ಎರಕದ ಪಾತ್ರೆಯನ್ನು ಅಗ್ಗವೆಂದು ಕೊಳ್ಳಲಾಗದು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು ಬಂದೂಕಿನ ನಳಿಗೆಗಾಗಿ ಉಕ್ಕುಗಳನ್ನು ಪರೀಕ್ಷಿಸುತ್ತಿದ್ದಾಗ, ಕ್ರೋಮಿಯಂ ಕೂಡಿದ ಉಕ್ಕು ಆಮ್ಲಗಳಿಗೆ ಸುಲಭವಾಗಿ ತುತ್ತಾಗದೆಂಬದನ್ನು ಕಂಡನು. ಇದೇ ತುಕ್ಕುರಹಿತ ಉಕ್ಕು, ಜನರು ಸ್ಟೀಲೆಂದು ಕರೆಯುವದು. ಕ್ರೋಮಿಯಂ ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದ ಪದರವನ್ನು ಕಟ್ಟುವದು. ಗೀಚಿದರೂ ಅದು ತಾನೇ ಮತ್ತೆ ಕೂಡಿಕೊಳ್ಳುವದು. ತನಗೆ ತಾನೇ ಕಲಾಯಿ ಹಾಕಿಕೊಳ್ಳುವ ಲೋಹವೆಂದು ಇದನ್ನು ವರ್ಣಿಸಿದರೆ ತಪ್ಪಾಗದು. ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ ಜಾತಿಯು ಅಡಿಗೆಗೆ ಉತ್ತಮ. ಬೆಂಕಿ, ಹುಳಿ, ಕಾಲ ಈ ಮೂವರಿಗೂ ತಕ್ಕ ಮಟ್ಟಿಗೆ ಉತ್ತರ ಕೊಡತಕ್ಕದ್ದು ಇದೇ. ಇದರ ದೋಷವೆಂದರೆ ಕಾವನ್ನು ಮಂದವಾಗಿ ಹರಿಯಿಸಿ ತಳ ಹಿಡಿಸುವದು. ಅದಕ್ಕಾಗಿ ಹೊರತಳಕ್ಕೆ ತಾಮ್ರವನ್ನು ಕೂಡಿಸುವರು. ದೊಡ್ಡ ಪಾಕಶಾಲೆಗಳಲ್ಲಿ ನೇರವಾದ ಉರಿಯನ್ನು ಬಿಟ್ಟು ಉಗಿಯಿಂದ ಬೇಯಿಸುವರು.

ಮೈಗೆ ಅಂಟದ ಲೇಪದ ಪಾತ್ರೆಗಳೂ ಬಂದಿರುವವು. ಆ ಲೇಪದ ಪದಾರ್ಥವನ್ನು 1938ರಲ್ಲಿ ಅಮೇರಿಕೆಯಲ್ಲಿ ರಾಯ್ ಪ್ಲಂಕೆಟ್ ಎಂಬವನು ಅಕಸ್ಮಾತ್ತಾಗಿ ಕಂಡುಹಿಡಿದನು. ಟೆಫ್ಲಾನ್ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಮಂದಾಗ್ನಿಯಲ್ಲಿ ಅದು ಸುಮ್ಮನಿರುವದು; 260 ಡಿಗ್ರಿಯನ್ನು ಮೀರಿದರೆ ಕೆಡಲಾರಂಭಿಸಿ ಹೊಗೆಯನ್ನು ಬಿಡುವದು. ಆ ಹೊಗೆಯಿಂದ ಪಂಜರದ ಹಕ್ಕಿಗಳು ಸಾಯುವದುಂಟು. ಹಂಚಿನಂತೆ ಬರಿದಾಗಿ ಕಾಯಿಸತಕ್ಕ ಕೆಲಸಕ್ಕೆ ಅದು ಅಪಾತ್ರ.

ಕಡೆಯದಾಗಿ ಪ್ಲಾಸ್ಟಿಕ್. ತಣ್ಣನೆಯ ಒಣ ಧಾನ್ಯಕ್ಕೆ ಅದರಲ್ಲಿ ಸ್ಥಾನವುಂಟು. ಬಿಸಿಯಾದ, ಎಣ್ಣೆಯುಳ್ಳ, ಹುಳಿಯಾದ ಪದಾರ್ಥಕ್ಕೆ ಇಲ್ಲ. ಕಾವು ಹೆಚ್ಚಿದಂತೆ ಅದರೊಳಗಿನ ರಸಾಯನಗಳು ಅನ್ನಕ್ಕೆ ಇಳಿಯುವವು. ಇಡ್ಲಿಯ ತಟ್ಟೆಗೆ ಅರಿವೆಯ ಬದಲು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಬೇಯಿಸುವ ಕೆಟ್ಟ ಚಾಳಿಯನ್ನು ಕರ್ನಾಟಕ ಸರಕಾರವು 2025ರಲ್ಲಿ ನಿಷೇಧಿಸಬೇಕಾಗಿ ಬಂದುದು ಖೇದದ ಸಂಗತಿ. ವೃತ್ತಪತ್ರಿಕೆಯಲ್ಲಿ ತಿಂಡಿಯನ್ನು ಕಟ್ಟುವದನ್ನು 2018ರ ಕೇಂದ್ರ ನಿಯಮಗಳು ತಡೆದಿರುವವು. ಮುದ್ರಣದ ಮಸಿಯು ಉಣ್ಣತಕ್ಕ ವಸ್ತುವಲ್ಲ. ಜಾತ್ರೆಯ ಪ್ರಸಾದಕ್ಕೆ ಬಾಳೆಯ ಎಲೆ, ಮುತ್ತುಗದ ಎಲೆಗಳು ನಮ್ಮ ತೋಟ ಕಾಡುಗಳಲ್ಲಿಯೇ ಇರುವಾಗ ಬಿಸಿಯ ಸಾರನ್ನು ತೆಳು ಚೀಲಗಳಲ್ಲಿ ತುಂಬಿ ಕೊಡುವದೇಕೆ?

ಇಷ್ಟರಿಂದ ತಿಳಿಯತಕ್ಕದ್ದೇನಂದರೆ, ಹಳೆಯದೆಂದು ಯಾವದೂ ಪೂಜ್ಯವಲ್ಲ, ಹೊಸದೆಂದು ಯಾವದೂ ತ್ಯಾಜ್ಯವಲ್ಲ. ಪ್ರತಿಯೊಂದು ಪಾತ್ರೆಗೂ ಅದರ ನಿಯಮವುಂಟು. ನಿಯಮವನ್ನು ಮರೆತಾಗ ಮಿತ್ರನೇ ಶತ್ರುವಾಗುವದು. ಹುಳಿಗೆ ಕಲ್ಲು, ಮಣ್ಣು, ಒಳ್ಳೆಯ ಉಕ್ಕು, ಉರಿಗೆ ಕಬ್ಬಿಣ, ಹಾಲಿಗೆ ಉಕ್ಕು, ತಾಮ್ರ ಹಿತ್ತಾಳೆಗಳಿಗೆ ಶುದ್ಧ ತವರದ ಕಲಾಯಿ, ಅದು ಸವೆದರೆ ಅಡಿಗೆಯಿಂದ ನಿವೃತ್ತಿ, ಬಿಸಿಗೆ ಎಂದಿಗೂ ಪ್ಲಾಸ್ಟಿಕ್ ಇಲ್ಲ. ದಾಸೋಹದ ಮನೆಯಲ್ಲಿ ಸೇವೆ ಮಾಡುವ ತರುಣರು ಅಕ್ಕಿ ಬೇಳೆಗಳನ್ನು ಆರಿಸುವ ಮೊದಲು ಕೊಪ್ಪರಿಗೆಯ ಒಳಮೈಯನ್ನು ಒಮ್ಮೆ ನೋಡುವ ಅಭ್ಯಾಸವನ್ನಿಟ್ಟುಕೊಳ್ಳಲಿ. ಹಸಿದು ಬಂದವನು ಪಾತ್ರೆಯನ್ನು ಪರೀಕ್ಷಿಸಿ ಉಣ್ಣುವದಿಲ್ಲ, ನಂಬಿ ಉಣ್ಣುವನು. ಆ ನಂಬುಗೆಯನ್ನು ಕಾಯುವದು ಬಡಿಸುವವರ ಕರ್ತವ್ಯ. ಶ್ರೀಮಠದ ಒಲೆಯು ಇನ್ನೂ ಬಹುಕಾಲ ಉರಿಯಲಿ, ಅದರ ಮೇಲಿನ ಪಾತ್ರೆಯು ನಿರ್ಮಲವಾಗಿರಲಿ ಎಂದು ಹಾರೈಸಿ ಸದ್ಭಕ್ತರೆಲ್ಲರಿಗೂ ಶರಣೆಂದು ಈ ಲೇಖನವನ್ನು ಮುಗಿಸುವೆವು.